ಗೆರೆ ಎಳೆಯುವ ಅಧಿಕಾರ

1956ರ ಅಕ್ಟೋಬರ್ 31, ಬುಧವಾರ ರಾತ್ರಿ. ನೀವು ತಾಂಬಾದಲ್ಲಿದ್ದೀರಿ. ತಾಲೂಕು ಇಂಡಿ, ಜಿಲ್ಲೆ ಬಿಜಾಪುರ, ರಾಜ್ಯ ಮುಂಬಯಿ. ಈ ವಿಳಾಸದ ಕೊನೆಯ ಶಬ್ದಕ್ಕೆ ಇನ್ನು ಎರಡೇ ತಾಸು ಆಯುಷ್ಯ.

ದೀಪಾವಳಿ ಅಮಾವಾಸ್ಯೆ ಹತ್ತಿರ ಬಂದಿದೆ. ಚುಕ್ಕಿ ಬಿಟ್ಟರೆ ಆಕಾಶದಲ್ಲಿ ಬೆಳಕಿಲ್ಲ. ಚಾವಡಿ ಕಟ್ಟೆಯ ಮೇಲೆ ಒಂದು ಕಂದೀಲು. ಅದರ ಬೆಳಕು ಮುಟ್ಟುವಷ್ಟು ಊರು, ಆಚೆಗೆಲ್ಲ ಎರಿ ಹೊಲ. ಆ ಕಡೆಯಿಂದ ಗಾಳಿ ಬೀಸಿದಾಗ ಹೂ ಹಿಡಿದ ತೊಗರಿಯ ಹಸಿ ವಾಸನೆ. ಹಿಂಗಾರಿ ಜೋಳ ಇನ್ನೂ ಮೊಣಕಾಲುದ್ದ. ಕಟ್ಟೆಯ ಮೇಲೆ ಇಬ್ಬರು ಕೂತಿದ್ದಾರೆ: ಎಪ್ಪತ್ತರ ಆಸುಪಾಸಿನ ಗೌಡರು, ಮಗ್ಗುಲಿಗೆ ದಫ್ತರ ಇಟ್ಟುಕೊಂಡ ಹರೆಯದ ತಲಾಠಿ.

"ತಲಾಠಿ ಸಾಹೇಬ್ರ, ಮುಂಜಾನೆದ್ರ ನಾವು ಮೈಸೂರಾವ್ರು ಅಂತಲ್ರಿ?"

"ಹೌದ್ರಿ ಗೌಡ್ರ. ಹನ್ನೆರಡು ಹೊಡದ್ರ ಮುಂಬಯಿ ತೀರ್ತು."

"ತೀರ್ಲಿ ಬಿಡ್ರಿ, ಕನ್ನಡದಾಗ ಕಾಗದಾ ಬಂದ್ರ ಚಲೋನ ಆತು. ಆದ್ರ ಇದನ್ನ ಮಾಡಿದವ್ರು ಯಾರು?"

"ದಿಲ್ಲ್ಯಾಗ ಪಾರ್ಲಿಮೆಂಟ್ ಕಾಯ್ದೆ ಮಾಡೇತ್ರಿ."

"ಮಾಡ್ಲಿ. ಹಿಂಗ ಒಂದ್ ಜಿಲ್ಲಾ ಎತ್ತಿ ಇನ್ನೊಂದ್ ರಾಜ್ಯದಾಗ ಇಡೂ ಹುಕುಂ ಪಾರ್ಲಿಮೆಂಟಿಗೆ ಕೊಟ್ಟವ್ರು ಯಾರ್ರಿ?"

ತಲಾಠಿ ಕಂದೀಲಿನ ಬತ್ತಿ ಏರಿಸುತ್ತಾನೆ. ಇದಕ್ಕೆ ಉತ್ತರ ಅವನ ದಫ್ತರದಲ್ಲಿಲ್ಲ.

ಈ ಇಬ್ಬರೂ ನನ್ನ ಕಲ್ಪನೆಯವರು, ಅಂಥವರು ಆಗ ಊರಿಗೊಬ್ಬರಂತೆ ಇದ್ದರು. ಗೌಡರ ಪ್ರಶ್ನೆ ಮಾತ್ರ ಕಲ್ಪನೆಯಲ್ಲ, ಈ ಸೀಮೆಯ ನೆಲಕ್ಕೇ ಅಂಟಿಕೊಂಡದ್ದು. ಗೌಡರ ಅಜ್ಜ ಸಾತಾರದ ರಾಜನ ಪ್ರಜೆ. 1848ರಲ್ಲಿ ಆ ರಾಜ ತೀರಿಕೊಂಡ, ದತ್ತು ಮಗನನ್ನು ಡಾಲ್‌ಹೌಸಿ ಒಪ್ಪಲಿಲ್ಲ, ಬಿಜಾಪುರ ಸೀಮೆ ಕಂಪನಿ ಸರಕಾರದ್ದಾಯಿತು. ಗೌಡರ ಅಪ್ಪ ಕಲಾದಗಿ ಜಿಲ್ಲೆಯವನಾದ. 1885ರಲ್ಲಿ ಜಿಲ್ಲಾ ಕಚೇರಿ ಬಿಜಾಪುರಕ್ಕೆ ಬಂದು ಜಿಲ್ಲೆಯ ಹೆಸರೂ ಬದಲಾಯಿತು. ಮೂರು ತಲೆಮಾರು ಒಂದೇ ಹೊಲ ಉತ್ತಿದೆ, ಒಂದೇ ಬಾವಿಯ ನೀರು ಕುಡಿದಿದೆ. ಮೇಲಿನ ಸರಕಾರ ಮಾತ್ರ ಬದಲಾಗುತ್ತ ಬಂದಿದೆ. ಒಮ್ಮೆಯೂ ಯಾರೂ ಕೇಳಲಿಲ್ಲ.

ಉತ್ತರ ಬೇಕಿದ್ದರೆ ಎಂಟು ವರ್ಷ ಹಿಂದಕ್ಕೆ, ದಿಲ್ಲಿಗೆ ಹೋಗಬೇಕು.

1948ರ ನವೆಂಬರ್ 17. ಸಂಸತ್ತಿನ ದುಂಡು ಕಟ್ಟಡದ ನಡುವಿನ ಗುಮ್ಮಟದ ಕೆಳಗೆ ಸಂವಿಧಾನ ಸಭೆ ಕೂತಿದೆ. ನೀವು ಪ್ರೇಕ್ಷಕರ ಗ್ಯಾಲರಿಯಲ್ಲಿದ್ದೀರಿ. (ಗೋಲಗುಮ್ಮಟ ನೋಡಿ ಬೆಳೆದ ಕಣ್ಣಿಗೆ ಈ ಗುಮ್ಮಟ ಸಣ್ಣದೇ ಕಾಣುತ್ತದೆ. ಅದನ್ನು ಪಕ್ಕದವರಿಗೆ ಹೇಳಲು ಹೋಗಬೇಡಿ.) ಅಧ್ಯಕ್ಷ ಪೀಠದಲ್ಲಿ ಉಪಾಧ್ಯಕ್ಷ ಎಚ್.ಸಿ. ಮುಖರ್ಜಿ. ಸಭೆಯ ಸದಸ್ಯರ ಪಟ್ಟಿ ಕೈಗೆ ಸಿಕ್ಕರೆ ನಮ್ಮ ಕಡೆಯ ಎರಡು ಹೆಸರು ತಟ್ಟನೆ ಕಾಣುತ್ತವೆ, ಆರ್.ಆರ್. ದಿವಾಕರ ಮತ್ತು ಎಸ್. ನಿಜಲಿಂಗಪ್ಪ. ಇಬ್ಬರ ಮುಂದೂ ಪ್ರಾಂತ ಮುಂಬಯಿ ಎಂದೇ ಬರೆದಿದೆ.

ಇವತ್ತು ಕರಡು ಸಂವಿಧಾನದ 3ನೇ ವಿಧಿಯ ಸರದಿ. ಹೊಸ ರಾಜ್ಯ ಕಟ್ಟುವುದು, ಇದ್ದ ರಾಜ್ಯ ಒಡೆಯುವುದು, ಗಡಿ ಹಿಗ್ಗಿಸುವುದು, ಕುಗ್ಗಿಸುವುದು, ಹೆಸರು ಬದಲಿಸುವುದು ಎಲ್ಲವೂ ಇದರೊಳಗಿದೆ. ಈ ಅಧಿಕಾರ ಇವತ್ತು ಹುಟ್ಟಿದ್ದಲ್ಲ. 1935ರ ಭಾರತ ಸರಕಾರ ಕಾಯ್ದೆಯ 290ನೇ ಕಲಮಿನಲ್ಲಿ ಇದು ಇಂಗ್ಲೆಂಡಿನ ಅರಸನ ಕೈಯಲ್ಲಿತ್ತು. ಅರಸ ತನ್ನ ಆಜ್ಞೆಯಿಂದ ಪ್ರಾಂತ ಹುಟ್ಟಿಸಬಹುದಿತ್ತು. 1936ರಲ್ಲಿ ಸಿಂಧ್ ಮುಂಬಯಿಯಿಂದ ಬೇರೆಯಾದದ್ದು, ಒಡಿಶಾ ಪ್ರಾಂತವಾದದ್ದು ಅರಸನ ಆಜ್ಞೆಯಿಂದಲೇ. ಅರಸ ಹೋದ ಮೇಲೆ ಗೆರೆ ಎಳೆಯುವ ಆ ಕೋಲು ಯಾರ ಕೈಗೆ? ಇವತ್ತಿನ ಚರ್ಚೆ ಅದೇ.

ಪ್ರೊಫೆಸರ್ ಕೆ.ಟಿ. ಶಾ ಏಳುತ್ತಾರೆ. ಮುಂಬಯಿಯ ಅರ್ಥಶಾಸ್ತ್ರಜ್ಞ, ಬಿಹಾರದಿಂದ ಆಯ್ಕೆಯಾದವರು, ತಿದ್ದುಪಡಿಗಳ ಕಟ್ಟನ್ನೇ ಹೊತ್ತು ಬರುವವರು, ಸೋತರೂ ಸುಮ್ಮನಾಗದವರು. ರಾಜ್ಯದ ಗಡಿ ಬದಲಿಸುವ ಸೂಚನೆ ಆ ರಾಜ್ಯದ ಶಾಸನಸಭೆಯಲ್ಲೇ ಮೊದಲು ಹುಟ್ಟಬೇಕು, ದಿಲ್ಲಿಯಿಂದ ಇಳಿದು ಬರಬಾರದು ಎಂಬುದು ಅವರ ವಾದ. ಬಿ.ಆರ್. ಅಂಬೇಡ್ಕರರ ತಿದ್ದುಪಡಿ ಬೇರೆ ದಾರಿಯದು. ಬ್ರಿಟಿಷರ ಪ್ರಾಂತಗಳಾಗಿದ್ದ ರಾಜ್ಯಗಳ ಅಭಿಪ್ರಾಯ ಕೇಳಿದರೆ ಸಾಕು. ಸಂಸ್ಥಾನಗಳಾಗಿದ್ದ ರಾಜ್ಯಗಳ ಒಪ್ಪಿಗೆಯನ್ನೇ ಪಡೆಯಬೇಕು. ಮರುದಿನವೂ ಚರ್ಚೆ ಸಾಗುತ್ತದೆ. ಶಾ ಸೋಲುತ್ತಾರೆ. ಅಂಬೇಡ್ಕರರ ಮಾತು ನಿಲ್ಲುತ್ತದೆ, ಆದರೆ ಕೆಲ ತಿಂಗಳು ಮಾತ್ರ. 1949ರ ಅಕ್ಟೋಬರಿನಲ್ಲಿ ವಿಧಿ ಮತ್ತೆ ಸಭೆಗೆ ಬಂದಾಗ ಸಂಸ್ಥಾನಗಳ ಒಪ್ಪಿಗೆ ಎಂಬುದೂ ಮಾಯವಾಗುತ್ತದೆ. ಎಲ್ಲ ರಾಜ್ಯಗಳಿಗೂ ಒಂದೇ ನಿಯಮ: ಕೇಳಬೇಕು, ಅವರು ಬೇಡವೆಂದರೂ ಸಂಸತ್ತು ಮುಂದುವರಿಯಬಹುದು. ಇಂಥ ಕಾಯ್ದೆಗೆ ಸಂವಿಧಾನ ತಿದ್ದುಪಡಿಯ ವಿಶೇಷ ಬಹುಮತವೂ ಬೇಡ, ಸಾದಾ ಬಹುಮತ ಸಾಕು ಎಂದು 4ನೇ ವಿಧಿ ಹೇಳಿಬಿಟ್ಟಿತು.

ಗ್ಯಾಲರಿಯಲ್ಲಿ ಕೂತ ನಿಮಗೆ ಇದು ಕಾನೂನಿನ ಕೂದಲು ಸೀಳುವ ಕೆಲಸ ಅನ್ನಿಸಬಹುದು. ಮೈಸೂರು ಸಂಸ್ಥಾನವಾಗಿತ್ತು ಎಂಬುದನ್ನು ನೆನೆಯಿರಿ. ಒಪ್ಪಿಗೆಯ ಷರತ್ತು ಉಳಿದಿದ್ದರೆ ತಾಂಬಾ ಕರ್ನಾಟಕಕ್ಕೆ ಸೇರುವುದಕ್ಕೆ ಮೈಸೂರಿನ ಶಾಸಕರು ಹೂಂ ಅನ್ನಬೇಕಿತ್ತು. ಆ ಹೂಂ ಸುಲಭದ್ದಾಗಿರಲಿಲ್ಲ. ಮಳೆ ಕಡಿಮೆಯ, ಬರದ ಬಿಜಾಪುರವನ್ನು ಕಟ್ಟಿಕೊಂಡು ನಮಗೇನಾಗಬೇಕು ಎಂದು ಹಳೇ ಮೈಸೂರಿನಲ್ಲಿ ಬಹಿರಂಗವಾಗಿಯೇ ಕೇಳುತ್ತಿದ್ದರು. ಜಾತಿಯ ಲೆಕ್ಕ ತಲೆಕೆಳಗಾಗುವ ಭಯವೂ ಇತ್ತು. ಏಕೀಕರಣದ ಪರ ನಿಂತ ಕೆಂಗಲ್ ಹನುಮಂತಯ್ಯ 1956ರ ಆಗಸ್ಟಿನಲ್ಲಿ ಮುಖ್ಯಮಂತ್ರಿ ಕುರ್ಚಿಯನ್ನೇ ಬಿಡಬೇಕಾಯಿತು.

ದಿಲ್ಲಿಯ ಕೈ ಇಷ್ಟು ಬಲವಾದದ್ದೇಕೆ? 1946ರ ಡಿಸೆಂಬರ್ 13ರಂದು ನೆಹರೂ ಮಂಡಿಸಿದ ಧ್ಯೇಯಗಳ ನಿರ್ಣಯದಲ್ಲಿ ಉಳಿಕೆ ಅಧಿಕಾರಗಳೆಲ್ಲ ಪ್ರಾಂತಗಳಿಗೇ ಎಂದಿತ್ತು. ಮುಸ್ಲಿಂ ಲೀಗನ್ನು ಒಳಗೆ ಉಳಿಸಿಕೊಳ್ಳುವ ಆಸೆ ಆಗ ಇನ್ನೂ ಬತ್ತಿರಲಿಲ್ಲ. 1947ರ ಜೂನ್ 3ರಂದು ದೇಶ ಒಡೆಯುವುದು ಖಚಿತವಾಯಿತು. ತಿಂಗಳೊಪ್ಪತ್ತಿನಲ್ಲಿ ನೆಹರೂ ನೇತೃತ್ವದ ಕೇಂದ್ರಾಧಿಕಾರ ಸಮಿತಿಯೇ ಮಾತು ಬದಲಿಸಿತು: ಕೇಂದ್ರ ಬಲವಾಗಿರಬೇಕು, ಉಳಿಕೆ ಅಧಿಕಾರ ಅದಕ್ಕೇ ಇರಬೇಕು. 1935ರ ಮೂರು ಪಟ್ಟಿಗಳನ್ನು ಹಿಗ್ಗಿಸಿ ಕುಗ್ಗಿಸಿ 7ನೇ ಅನುಸೂಚಿ ಬರೆದರು. ಕೇಂದ್ರಕ್ಕೆ 97, ರಾಜ್ಯಕ್ಕೆ 66, ಇಬ್ಬರಿಗೂ ಸೇರಿದ್ದು 47. ದೇಶ ಒಡೆದವರ ಕಣ್ಣೆದುರು ನಿರಾಶ್ರಿತರ ರೈಲುಗಳಿದ್ದವು. ಆ ಗಳಿಗೆಯಲ್ಲಿ ಬರೆದದ್ದು ಹೀಗಲ್ಲದೆ ಹೇಗಿರುತ್ತಿತ್ತು?

ಈಗ 1956ರ ಆಗಸ್ಟ್. ಅದೇ ದುಂಡು ಕಟ್ಟಡ, ಲೋಕಸಭೆ. ಗೃಹಮಂತ್ರಿ ಗೋವಿಂದ ವಲ್ಲಭ ಪಂತರ ಕೈಯಲ್ಲಿ ರಾಜ್ಯ ಪುನರ್ವಿಂಗಡಣಾ ಮಸೂದೆ. ಇದರ ಹಿಂದೆ ಆಂಧ್ರ ರಾಜ್ಯಕ್ಕಾಗಿ ಉಪವಾಸ ಕೂತ ಪೊಟ್ಟಿ ಶ್ರೀರಾಮುಲು ಅವರ 1952ರ ಸಾವಿದೆ, ಕರ್ನಾಟಕದ ಏಕೀಕರಣಕ್ಕಾಗಿ ಅದರಗುಂಚಿ ಶಂಕರಗೌಡರು 1953ರಲ್ಲಿ ಮಾಡಿದ ಉಪವಾಸವಿದೆ, ಹುಬ್ಬಳ್ಳಿಯ ಗಲಾಟೆಯಿದೆ, ರಾಜ್ಯ ಪುನರ್ವಿಂಗಡಣಾ ಆಯೋಗದ ಫಜಲ್ ಅಲಿ, ಕುಂಜ್ರು, ಪಣಿಕ್ಕರ್ ಊರೂರು ಸುತ್ತಿ 1955ರ ಸೆಪ್ಟೆಂಬರ್ 30ರಂದು ಕೊಟ್ಟ ವರದಿಯಿದೆ. ಶಾಸನಸಭೆಗಳು ಅಭಿಪ್ರಾಯ ಹೇಳುವ ನೆಪದಲ್ಲಿ ಎಳೆದಾಡಬಾರದೆಂದು 1955ರ ಡಿಸೆಂಬರಿನಲ್ಲಿ 5ನೇ ತಿದ್ದುಪಡಿ ತಂದು ರಾಷ್ಟ್ರಪತಿಗೆ ಗಡುವು ಹಾಕುವ ಅಧಿಕಾರವನ್ನೂ ಕೊಟ್ಟಾಗಿದೆ.

ಮಸೂದೆಯ 7ನೇ ಕಲಮಿನ ಮೇಲೆ ಬೆರಳಿಡಿ. ಹೊಸ ಮೈಸೂರು ರಾಜ್ಯ ಹುಟ್ಟುವುದು ಇಲ್ಲಿ. ಚಂದಗಡ ಬಿಟ್ಟು ಬೆಳಗಾವಿ. ಕೊಡಂಗಲ್, ತಾಂಡೂರು ಬಿಟ್ಟು ಗುಲಬರ್ಗಾ. ಆಲಂಪುರ, ಗದ್ವಾಲ ಬಿಟ್ಟು ರಾಯಚೂರು. ಕಾಸರಗೋಡು ತಾಲೂಕು ಬಿಟ್ಟು ದಕ್ಷಿಣ ಕನ್ನಡ. ಬಿಜಾಪುರ, ಧಾರವಾಡ, ಉತ್ತರ ಕನ್ನಡಗಳಿಗೆ ಕತ್ತರಿ ಬೀಳಲಿಲ್ಲ, ಇಡಿಯಾಗಿ ಬಂದವು. ತಾಂಬಾದ ಹೆಸರು ಇಲ್ಲಿಲ್ಲ, ಇಂಡಿಯದೂ ಇಲ್ಲ. ಬಿಜಾಪುರ ಎಂಬ ಒಂದು ಶಬ್ದದೊಳಗೆ ನಮ್ಮ ಊರುಗಳೆಲ್ಲ ಕೂತು ಗಡಿ ದಾಟಿಬಿಟ್ಟವು. ಕಾಸರಗೋಡನ್ನು ಮಾತ್ರ ನೆನಪಿಡಿ. ಅಲ್ಲಿಗೆ ನಿಮ್ಮನ್ನು ಮತ್ತೆ ಕರೆದೊಯ್ಯುವುದಿದೆ.

ಮುಂಬಯಿಯ ಬಗ್ಗೆ ಸಭೆಯಲ್ಲಿ ಕಾವು ಇಳಿದಿಲ್ಲ. ಮಸೂದೆ ಬಂದಾಗ ಮಹಾರಾಷ್ಟ್ರ, ಗುಜರಾತ್, ಕೇಂದ್ರದಡಿಯ ಮುಂಬಯಿ ಎಂದು ಮೂರು ತುಂಡು ಇದ್ದವು. ಚರ್ಚೆ ನಡೆಯುತ್ತಿದ್ದಂತೆ ಸಂಸದರು ಅದನ್ನು ಕೂಡಿಸಿ ಒಂದೇ ದ್ವಿಭಾಷಾ ಮುಂಬಯಿ ಮಾಡಿಬಿಟ್ಟರು. ಮುಂಬಯಿ ಶಾಸನಸಭೆಯ ಮುಂದೆ ಹೋದದ್ದು ಒಂದು, ಕಾಯ್ದೆಯಾದದ್ದು ಇನ್ನೊಂದು. ಮತ್ತೆ ಕೇಳಬೇಕಿತ್ತಲ್ಲ ಎಂದು ಬಾಬುಲಾಲ್ ಪರಾಟೆ ಎಂಬುವರು ಸುಪ್ರೀಂ ಕೋರ್ಟಿನವರೆಗೆ ಹೋದರು. ಬೇಕಿಲ್ಲ ಎಂದು ಕೋರ್ಟು 1959ರಲ್ಲಿ ಹೇಳಿತು. ಒಮ್ಮೆ ಕೇಳಿದರೆ ಮುಗಿಯಿತು. ಆಮೇಲೆ ಮಸೂದೆಯನ್ನು ಹೇಗೆ ತಿದ್ದಬೇಕೆಂಬುದು ಸಂಸತ್ತಿಗೆ ಬಿಟ್ಟದ್ದು. ತಾಂಬಾವನ್ನು ಹೊತ್ತು ತಂದ ಕಾಯ್ದೆಯ ಮೇಲೆಯೇ ಈ ತೀರ್ಪು ಬಂತು.

ಆಗಸ್ಟ್ 31ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. 1956ರ 37ನೇ ಕಾಯ್ದೆ.

ಚಾವಡಿಗೆ ಮರಳೋಣ. ಹನ್ನೆರಡು ದಾಟಿದೆ. ಗೌಡರು ಎದ್ದು ರುಮಾಲು ಸರಿಮಾಡಿಕೊಳ್ಳುತ್ತಾರೆ.

"ಅಂದ್ರ ಈಗ ಮೈಸೂರಿನ ಕಾಯ್ದೆ ಬಂದುವೇನ್ರಿ?"

"ಇಲ್ರಿ. ಸರಕಾರ ಮೈಸೂರಿಂದು, ಕಾಯ್ದೆ ಮುಂಬಯಿವ."

ತಲಾಠಿ ಹಾಸ್ಯ ಮಾಡುತ್ತಿಲ್ಲ. ಆ ಕಾಯ್ದೆಯ 119ನೇ ಕಲಮಿನ ಪ್ರಕಾರ ಗಡಿ ಬದಲಾದರೂ, ಹೊಸ ಶಾಸನಸಭೆ ಬೇರೆ ಮಾಡುವವರೆಗೆ ಹಳೆಯ ಕಾಯ್ದೆಗಳು ಹಳೆಯ ಜಾಗದಲ್ಲೇ ನಡೆಯುತ್ತವೆ. ಕೌಲುದಾರನಿಗೆ 1948ರ ಮುಂಬಯಿ ಗೇಣಿ ಕಾಯ್ದೆ. ಶೆರೆ ಕುಡಿದವನಿಗೆ 1949ರ ಮುಂಬಯಿ ದಾರೂಬಂದಿ ಕಾಯ್ದೆ. ಹೀಗೆ ಬಿಜಾಪುರದ ಕುಡುಕ ಕರ್ನಾಟಕಕ್ಕೆ ಸೇರಿದ ಮೇಲೂ ಮೊರಾರ್ಜಿ ದೇಸಾಯರ ಕಾಲದ ಕಾಯ್ದೆಯಲ್ಲೇ ಸಿಕ್ಕಿಬೀಳುತ್ತಿದ್ದ. ನಮ್ಮ ಶಾಸನ ಪುಸ್ತಕಗಳಲ್ಲಿ ಇವತ್ತಿಗೂ ಬೆಳಗಾವಿ ಪ್ರದೇಶ, ಗುಲಬರ್ಗಾ ಪ್ರದೇಶ ಎಂಬ ಮಾತುಗಳು ಸಿಗುತ್ತವೆ. ಹಳೆಯ ಗಡಿಗಳು ನಕಾಶೆಯಿಂದ ಅಳಿದರೂ ಕಾಯ್ದೆಯೊಳಗೆ ಉಳಿದ ಗುರುತು ಅವು.

ಇನ್ನು ಕಾಸರಗೋಡಿಗೆ. ತಾಂಬಾದ ಎರಿ ಹೊಲ ನೋಡಿದ ಕಣ್ಣಿಗೆ ಇಲ್ಲಿಯ ಹಸಿರು ಜಾಸ್ತಿಯೇ ಅನ್ನಿಸುತ್ತದೆ. ಅಡಿಕೆ, ತೆಂಗು, ಕೆಂಪು ಮಣ್ಣು, ಮಧುವಾಹಿನಿ ಹೊಳೆ, ಅದರ ದಂಡೆಯ ಮೇಲೆ ಎಡನೀರು ಮಠ. ಯಕ್ಷಗಾನದ ಚೆಂಡೆ, ಕನ್ನಡದ ಮಾತು, ಮಠದ ಊಟ. 1956ರ ನವೆಂಬರ್ 1ರಂದು ತಾಂಬಾ ಒಳಗೆ ಬಂದ ಕಲಮಿನಲ್ಲೇ ಇದು ಹೊರಗೆ ಉಳಿಯಿತು, ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಬರಲಿ ಎಂದು 1967ರಲ್ಲಿ ಮಹಾಜನ ಆಯೋಗ ಬರೆದುಕೊಟ್ಟಿತು. ಆಯೋಗ ಬರೆದರೆ ಗಡಿ ಬದಲಾಗುವುದಿಲ್ಲ. ಸಂಸತ್ತು ಕಾಯ್ದೆ ಮಾಡಬೇಕು, ಮಾಡಲಿಲ್ಲ.

ಗಡಿ ಆಚೆ ಉಳಿದದ್ದರಿಂದ ಮಠದ ಹೊಲಗಳ ಮೇಲೆ ಕೇರಳದ ಭೂಸುಧಾರಣೆ ಕಾಯ್ದೆ ಬಂದು ಕೂತಿತು. ಮಠದ ಹರೆಯದ ಪೀಠಾಧಿಪತಿ ಕೇಶವಾನಂದ ಭಾರತಿ ಸ್ವಾಮೀಜಿ 1970ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. ಅರ್ಜಿ ಹೊಲದ ಬಗ್ಗೆ. ಅದು ಕೋರ್ಟಿನಲ್ಲಿರುವಾಗಲೇ ಸಂಸತ್ತು 24, 25, 29ನೇ ತಿದ್ದುಪಡಿಗಳನ್ನು ಮಾಡಿತು. ಸಂವಿಧಾನದ ಯಾವ ಭಾಗವನ್ನಾದರೂ ತಿದ್ದುವ ಅಧಿಕಾರ ತನಗಿದೆ ಎಂಬುದು 24ನೆಯದರ ಸಾರ; ಕೇರಳದ ಆ ಭೂಸುಧಾರಣೆ ಕಾಯ್ದೆಗಳಿಗೆ ರಕ್ಷಣೆ ಕೊಡುವುದು 29ನೆಯದರ ಕೆಲಸ. ಮಠದ ಹೊಲದ ಜಗಳ ಮರೆಯಾಗಿ ಸಂಸತ್ತಿನ ಅಧಿಕಾರಕ್ಕೆ ಬದುವು ಎಲ್ಲಿದೆ ಎಂಬ ಪ್ರಶ್ನೆ ಎದ್ದು ನಿಂತಿತು.

1973ರ ಏಪ್ರಿಲ್ 24, ದಿಲ್ಲಿ. ಸುಪ್ರೀಂ ಕೋರ್ಟಿನಲ್ಲಿ ಕಾಲಿಡಲು ಜಾಗವಿಲ್ಲ. ಗೋಡೆಗೆ ಆತು ನಿಲ್ಲಿ. 13 ನ್ಯಾಯಮೂರ್ತಿಗಳು ಒಂದೇ ಸಾಲಿನಲ್ಲಿ ಕೂತಿದ್ದಾರೆ; ಈ ಕೋರ್ಟು ಇಷ್ಟು ದೊಡ್ಡ ಪೀಠವನ್ನು ಹಿಂದೆಂದೂ ಕಂಡಿಲ್ಲ. ನಾನಿ ಪಾಲ್ಖಿವಾಲಾ ಮಠದ ಪರ. 68 ದಿನ ವಾದ ನಡೆದಿದೆ. ಮುಖ್ಯ ನ್ಯಾಯಮೂರ್ತಿ ಎಸ್.ಎಂ. ಸಿಕ್ರಿ ನಾಳೆ ನಿವೃತ್ತರಾಗುವವರು. 11 ಬೇರೆಬೇರೆ ತೀರ್ಪುಗಳು. ಏಳು ಜನ ಒಂದು ಕಡೆ, ಆರು ಜನ ಇನ್ನೊಂದು ಕಡೆ. ಸಂಸತ್ತು ಸಂವಿಧಾನದ ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಮಠದ ಪಾಲಿಗೆ ದೊಡ್ಡ ಲಾಭವೇನೂ ಆಗಲಿಲ್ಲ. ದೇಶಕ್ಕೆ ಆಯಿತು.

ಆ ಸಾಲಿನಲ್ಲಿ ಕೂತ ಒಬ್ಬರನ್ನು ಮಾತ್ರ ಸರಿಯಾಗಿ ನೋಡಿ. ಕಾರ್ಕಳ ತಾಲೂಕಿನ ಕೌಡೂರಿನವರು, ಕೆ. ಸದಾನಂದ ಹೆಗ್ಡೆ. ಏಳು ಜನರಲ್ಲಿ ಅವರೂ ಒಬ್ಬರು. ಮರುದಿನ ಸರಕಾರ ಅವರನ್ನೂ ಶೇಲತ್, ಗ್ರೋವರ್ ಅವರನ್ನೂ ಬದಿಗೆ ಸರಿಸಿ ಕಿರಿಯರಾದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡುತ್ತದೆ. ಮೂವರೂ ರಾಜೀನಾಮೆ ಕೊಡುತ್ತಾರೆ. ಹೆಗ್ಡೆ 1952ರಿಂದ 1957ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದವರು. ತಾಂಬಾವನ್ನು ಒಳಗೆ ತಂದು ಕಾಸರಗೋಡನ್ನು ಹೊರಗೆ ಬಿಟ್ಟ ಕಾಯ್ದೆ ಪಾಸಾದಾಗ ಅವರು ಸಂಸದರು. ಆ ಗೆರೆಯಿಂದಲೇ ಹುಟ್ಟಿದ ದಾವೆಯಲ್ಲಿ ನ್ಯಾಯಾಧೀಶರು. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಗೆದ್ದು ಲೋಕಸಭೆಯ ಸ್ಪೀಕರ್! ಸಂಸತ್ತಿನ ಅಧಿಕಾರಕ್ಕೆ ಬದುವು ಹಾಕಿದವರೇ ಅದರ ಪೀಠದಲ್ಲಿ ಕೂತರು. ಕಾದಂಬರಿಯಲ್ಲಿ ಬರೆದಿದ್ದರೆ ಓದುಗರು ನಂಬುತ್ತಿರಲಿಲ್ಲ.

ಬದುವಿನ ಎರಡನೇ ಕಲ್ಲೂ ಕನ್ನಡದ್ದೇ. 1989ರ ಏಪ್ರಿಲ್ 21ರಂದು ವಜಾ ಆದ ಎಸ್.ಆರ್. ಬೊಮ್ಮಾಯಿ ಸರಕಾರದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ಒಕ್ಕೂಟ ವ್ಯವಸ್ಥೆಯೂ ಮೂಲ ಸ್ವರೂಪದ ಭಾಗವೆಂದಿತು. ಸಂಸತ್ತಿನ ಎರಡೂ ಸದನ ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲವೆಂದೂ ಹೇಳಿತು.

ಈಗ ಇವತ್ತಿನ ತಾಂಬಾದಲ್ಲಿ ನನ್ನ ಜೊತೆ ಒಂದು ಸುತ್ತು ಬನ್ನಿ. ರಾಜ್ಯೋತ್ಸವದ ಮುಂಜಾನೆ, ಹಳದಿ ಕೆಂಪು ಬಾವುಟ, ಮೈಕಿನಲ್ಲಿ ಹಾಡು. ಬ್ಯಾಂಕು, ಅಂಚೆ, ಮೊಬೈಲ್ ಟವರು ಕೇಂದ್ರದ ಪಟ್ಟಿಯವು. ಪೊಲೀಸರೂ ಹೊಲದ ಉತಾರವೂ ರಾಜ್ಯದವು. ಶಾಲೆ ಮೊದಲು ರಾಜ್ಯದ್ದು. 1976ರ 42ನೇ ತಿದ್ದುಪಡಿ ಅದನ್ನು ಇಬ್ಬರ ಪಟ್ಟಿಗೆ ಸರಿಸಿತು. ಆಗ ರಾಜ್ಯಸಭೆಯ ಸಭಾಪತಿ ಆಗಿನ ನಮ್ಮದೇ ಜಿಲ್ಲೆಯವರು, ಜಮಖಂಡಿ ಸಮೀಪದ ಸಾವಳಗಿಯ ಬಿ.ಡಿ. ಜತ್ತಿ. ಗ್ರಾಮ ಪಂಚಾಯ್ತಿಗೆ ಸಂವಿಧಾನದಲ್ಲಿ ಜಾಗ ಸಿಕ್ಕಿದ್ದು 1992ರ 73ನೇ ತಿದ್ದುಪಡಿಯಿಂದ.

ಲಿಂಬೆ ತೋಟಕ್ಕೆ ಬಂದರೆ ಗಂಟು ಬಿಗಿಯಾಗುತ್ತದೆ. ಇಂಡಿ ಲಿಂಬೆಯ ಜಿಐ ಟ್ಯಾಗು 1999ರ ಸಂಸತ್ತಿನ ಕಾಯ್ದೆಯ ಫಲ. ಅದೇ ಲಿಂಬೆ ಮಾರುವ ಎಪಿಎಂಸಿ ರಾಜ್ಯದ್ದು. 2020ರಲ್ಲಿ ಆಹಾರ ಪದಾರ್ಥಗಳ ವ್ಯಾಪಾರ ಇಬ್ಬರ ಪಟ್ಟಿಯಲ್ಲಿದೆ ಎಂಬ ಆಧಾರದ ಮೇಲೆ ಸಂಸತ್ತು ಮೂರು ಕೃಷಿ ಕಾಯ್ದೆ ಮಾಡಿ ಮಂಡಿಯೊಳಗೆ ಕಾಲಿಟ್ಟಿತು. ಕೃಷಿ, ಮಾರುಕಟ್ಟೆ ರಾಜ್ಯದವಲ್ಲವೇ ಎಂಬ ವಾದ ಎದ್ದಿತು. ಅದು ಕೋರ್ಟಿನಲ್ಲಿ ಇತ್ಯರ್ಥವಾಗುವ ಮೊದಲೇ, ದಿಲ್ಲಿಯ ಗಡಿಯಲ್ಲಿ ವರ್ಷವಿಡೀ ಕೂತ ರೈತರ ಎದುರು 2021ರ ನವೆಂಬರಿನಲ್ಲಿ ಸಂಸತ್ತೇ ಆ ಮೂರು ಕಾಯ್ದೆ ಹಿಂತೆಗೆಯಿತು. ತೋಟದ ನೀರಿನ ಕಥೆ ಇನ್ನೂ ಉದ್ದ. ನೀರು ರಾಜ್ಯದ್ದು, ರಾಜ್ಯ ದಾಟುವ ಹೊಳೆಯ ಮೇಲೆ ಕೇಂದ್ರದ ಕೈ. ಅಂತರರಾಜ್ಯ ನದಿ ವಿವಾದ ಕಾಯ್ದೆಗೆ ಅಂಕಿತ ಬಿದ್ದದ್ದು 1956ರ ಆಗಸ್ಟ್ 28ಕ್ಕೆ, ಗಡಿ ಕಾಯ್ದೆಗಿಂತ ಮೂರೇ ದಿನ ಮೊದಲು. ಗೆರೆ ಎಳೆದರೆ ನೀರಿನ ಜಗಳ ಬರುತ್ತದೆಂದು ಅವರಿಗೆ ಗೊತ್ತಿತ್ತು. ಆಲಮಟ್ಟಿ ಅಣೆಕಟ್ಟನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು 2010ರಲ್ಲಿ ಒಪ್ಪಿದ್ದು ಆ ಕಾಯ್ದೆಯಡಿ ಕೂತ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ. ಒಪ್ಪಿ ಇಷ್ಟು ವರ್ಷವಾದರೂ ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಯ ರೈತ ಇನ್ನೂ ಆ ಎತ್ತರಕ್ಕಾಗಿ ಕಾಯುತ್ತಿದ್ದಾನೆ.

ಭೀಮೆಯ ಸೇತುವೆ ದಾಟಿ ಅಫಜಲಪುರ ತಾಲೂಕಿಗೆ ಹೋಗಿ. ಅದೇ ಜೋಳ, ಅದೇ ತೊಗರಿ, ಅದೇ ಬರ. ಆದರೆ ಆಚೆ ದಂಡೆಯ ಹುಡುಗನಿಗೆ 371ಜೆ ಇದೆ. 2012ರಲ್ಲಿ ಸಂಸತ್ತು ಮಾಡಿದ 98ನೇ ತಿದ್ದುಪಡಿಯಿಂದ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ಓದಿನಲ್ಲಿ, ಸರಕಾರಿ ನೌಕರಿಯಲ್ಲಿ ಮೀಸಲು ಸಿಕ್ಕಿತು. ಈಚೆ ದಂಡೆಯ ತಾಂಬಾದ ಹುಡುಗನಿಗೆ ಅದಿಲ್ಲ. ಅವನ ಅಜ್ಜ ನಿಜಾಮನ ಪ್ರಜೆಯಾಗಿರಲಿಲ್ಲ. ಮದ್ರಾಸಿನಿಂದ ಬಂದ ಬಳ್ಳಾರಿಗೂ ಸಿಕ್ಕಿದ್ದನ್ನು ನೋಡಿದರೆ ಇಲ್ಲಿ ಚರಿತ್ರೆಯಷ್ಟೇ ರಾಜಕೀಯವೂ ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ. 371ಜೆ ತಪ್ಪೆಂದು ಹೇಳುತ್ತಿಲ್ಲ. ಒಂದೇ ಬರಕ್ಕೆ ಎರಡು ನ್ಯಾಯ ಎಂಬ ಭೀಮೆಯ ಈಚೆ ದಂಡೆಯ ಸಿಟ್ಟು ಸುಳ್ಳಲ್ಲ ಎಂದಷ್ಟೇ.

ಆ ಸಿಟ್ಟು ಆಗಾಗ ಪ್ರತ್ಯೇಕ ಉತ್ತರ ಕರ್ನಾಟಕದ ಮಾತಾಗಿ ಚಾದ ಅಂಗಡಿಗಳಲ್ಲಿ ಹೊರಬರುತ್ತದೆ. ಹಾಗೆನ್ನುವವರೂ, ಅದನ್ನು ಕೇಳಿ ಸಿಡಿಯುವ ಬೆಂಗಳೂರಿನವರೂ ಒಂದು ವಿಷಯ ತಿಳಿದಿರಲಿ. 2014ರ ಜನವರಿಯಲ್ಲಿ ಆಂಧ್ರ ವಿಧಾನಸಭೆ ತೆಲಂಗಾಣ ಮಸೂದೆಯನ್ನು ತಿರಸ್ಕರಿಸಿತು. ಮುಂದಿನ ತಿಂಗಳೇ ಸಂಸತ್ತು ಅದನ್ನು ಪಾಸು ಮಾಡಿತು. 2019ರಲ್ಲಿ ಜಮ್ಮು-ಕಾಶ್ಮೀರಕ್ಕೆ ಶಾಸನಸಭೆಯೇ ಇರಲಿಲ್ಲ; ಅಭಿಪ್ರಾಯ ಕೇಳುವುದು, ಹೇಳುವುದು ಎರಡೂ ಸಂಸತ್ತಿನಲ್ಲೇ ಮುಗಿದು ಆ ರಾಜ್ಯ ಎರಡು ಕೇಂದ್ರಾಡಳಿತ ಪ್ರದೇಶವಾಯಿತು. ಕೆ.ಟಿ. ಶಾ 1948ರಲ್ಲಿ ಹೆದರಿದ್ದು ಇದಕ್ಕೇ. ಹಾಗೆಂದು ಅವರು ಗೆದ್ದಿದ್ದರೆ ತಾಂಬಾ ಇವತ್ತು ಎಲ್ಲಿರುತ್ತಿತ್ತೋ! ಬೆಳಗಾವಿ ಮತ್ತು 814 ಹಳ್ಳಿಗಳಿಗಾಗಿ ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಕರ್ನಾಟಕ ಕೊಟ್ಟ ಉತ್ತರವೂ ಗಡಿ ಬದಲಿಸುವುದು ಸಂಸತ್ತಿನ ಕೆಲಸ, ಕೋರ್ಟಿನದಲ್ಲ ಎಂಬುದೇ. ದಿಲ್ಲಿಯ ದರ್ಬಾರನ್ನು ಬೈಯುವ ನಾವು ಬೆಳಗಾವಿಯ ಮಾತು ಬಂದಾಗ ಅದೇ ದಿಲ್ಲಿಯ ಅಧಿಕಾರದ ಬೆನ್ನಿಗೆ ನಿಲ್ಲುತ್ತೇವೆ. ನನ್ನ ಮಟ್ಟಿಗೆ ಅಧಿಕಾರ ಸಂಸತ್ತಿನಲ್ಲಿರುವುದು ಸರಿ, ರಾಜ್ಯದ ಅಭಿಪ್ರಾಯಕ್ಕೆ ಇಷ್ಟು ಕಡಿಮೆ ಬೆಲೆ ಇರುವುದು ಸರಿಯಲ್ಲ. ಬೇಡವೆಂದ ರಾಜ್ಯಕ್ಕೆ ಕಾರಣ ಬರೆದು ತಿಳಿಸುವ ಬಾಧ್ಯತೆಯಾದರೂ 3ನೇ ವಿಧಿಯಲ್ಲಿ ಇರಬೇಕಿತ್ತು.

ಮುಂದಿನ ಗೆರೆ ದೂರವಿಲ್ಲ. ಲೋಕಸಭೆಯ ಸೀಟುಗಳು ರಾಜ್ಯಗಳಿಗೆ ಹಂಚಿಕೆಯಾಗಿರುವುದು 1971ರ ಜನಗಣತಿಯ ಲೆಕ್ಕದಲ್ಲಿ. 42ನೇ ತಿದ್ದುಪಡಿ ಅದನ್ನು ಹೆಪ್ಪುಗಟ್ಟಿಸಿತು, 2001ರ 84ನೆಯದು 2026ರ ನಂತರದ ಮೊದಲ ಜನಗಣತಿಯವರೆಗೆ ಮುಂದೂಡಿತು. ಕರ್ನಾಟಕಕ್ಕೆ 28 ಸೀಟು. ಆಮೇಲೆ ಎಷ್ಟು ಎಂಬುದನ್ನು ಹೇಳುವ ಕಾಯ್ದೆಯೂ ಸಂಸತ್ತಿನದೇ. ನಮ್ಮ ಲೋಕಸಭಾ ಕ್ಷೇತ್ರ ಪಟ್ಟಿಯಲ್ಲಿ ಇವತ್ತಿಗೂ ಬಿಜಾಪುರವೇ; 2014ರಲ್ಲಿ ಊರು ವಿಜಯಪುರವಾದರೂ ಆ ಪಟ್ಟಿ ರಾಜ್ಯ ಸರಕಾರದ ಕೈಯಲ್ಲಿಲ್ಲ. ವೋಟು ಕೇಳಲು ತಾಂಬಾಕ್ಕೆ ಬರುವವರ ಹತ್ತಿರ ಗಟಾರ, ಬೀದಿ ದೀಪದ ಮಾತು ಆಡಬೇಡಿ, ಅದಕ್ಕೆ ಪಂಚಾಯ್ತಿ ಇದೆ. ಸೀಟು ಹಂಚುವ ಮಸೂದೆ ಬಂದ ದಿನ ಲೋಕಸಭೆಯಲ್ಲಿ ಎದ್ದು ನಿಂತು ಏನು ಹೇಳುತ್ತೀರಿ ಎಂದು ಕೇಳಿ. ಉತ್ತರ ಹೇಳಿದ ಮೇಲೆಯೇ ಮುಂದಿನ ಊರಿಗೆ ಕಳಿಸಿ.